ಕಾಫಿ ಲೋಳೆ ತೆಗೆಯೋ ಪೆಕ್ಟಿನೇಸ್ ಮರುಬಳಸಲು ಯಾವ ನ್ಯಾನೊಕಣ ಒಳ್ಳೆಯದು?

ಚಿನ್ನವೋ, ಗ್ರ್ಯಾಫೀನ್ ಆಕ್ಸೈಡೋ, ಕಬ್ಬಿಣದ ಕಣವೋ ಅಂತ ಕೇಳಿದ್ದೀರಿ. ಪೆಕ್ಟಿನೇಸ್ ಅಂದರೆ ಲೋಳೆಯಲ್ಲಿರೋ ಪೆಕ್ಟಿನ್ ಕರಗಿಸೋ ಎಂಜೈಮ್; ಅದನ್ನು ಅತಿಸಣ್ಣ ಕಣಕ್ಕೆ ಅಂಟಿಸಿದರೆ, ಕೆಲಸ ಮುಗಿದ ಮೇಲೆ ಕಣದ ಜೊತೆ ವಾಪಸ್ ತೆಗೆದು ಮತ್ತೆ ಬಳಸಬಹುದು. ಹಾಸನದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವಾಗ ನನ್ನ ತಲೆಯನ್ನೂ ಇದೇ ಕೊರೀತಿತ್ತು. ಕಣ ಯಾವುದಾದರೂ ಇರಲಿ, ಎಂಜೈಮ್ ಅದಕ್ಕೆ ನಿಜವಾಗಿ ಅಂಟಿದೆಯಾ ಅಂತ ಮೊದಲು ನೋಡಿ.

ನಾನು ಆರಿಸಿದ್ದು ಮ್ಯಾಗ್ನೆಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟೋ ಕಬ್ಬಿಣದ ಆಕ್ಸೈಡ್. ಕಬ್ಬಿಣದ ಫೆರಸ್, ಫೆರಿಕ್ ಲವಣಗಳನ್ನು 1:2 ಪ್ರಮಾಣದಲ್ಲಿ ಬೆರೆಸಿ ಅಮೋನಿಯಾ ಬಿಟ್ಟರೆ ಕಪ್ಪು ಪುಡಿ ಇಳಿಯುತ್ತೆ. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಬೀಕರಿಗೆ ಹಿಡಿದರೆ ಅಷ್ಟೂ ಪುಡಿ ಗೋಡೆಗೆ ಓಡಿಬಂದು ನೀರು ತಿಳಿಯಾಗುತ್ತೆ. ಸೆಂಟ್ರಿಫ್ಯೂಜ್‌ಗೆ ಸರತಿ ನಿಲ್ಲೋದು ತಪ್ಪಿತು. ಅದಕ್ಕೆ ಎಪಿಟಿಇಎಸ್ (ಅಮೈನ್ ಗುಂಪಿರೋ ಸಿಲೇನ್) ಲೇಪ, ಮೇಲೆ ಗ್ಲುಟರಾಲ್ಡಿಹೈಡ್ (ಎರಡೂ ತುದಿಯಲ್ಲಿ ಅಂಟೋ ಕೊಂಡಿ ಅಣು), ಅದರ ಇನ್ನೊಂದು ತುದಿಗೆ ಪೆಕ್ಟಿನೇಸ್. ಹಣ್ಣು ಸಕಲೇಶಪುರದ ಮಾವನ ತೋಟದ ಅರೇಬಿಕಾ.

ಮೊದಲ ಸಲ ಲೋಳೆ ಚೆನ್ನಾಗಿ ಕರಗಿತು. ಎರಡನೇ ಸಲ ಅರ್ಧಂಬರ್ಧ. ಆಮೇಲೆ ಏನೂ ಇಲ್ಲ. ಎಂಜೈಮ್ ಸಾಯ್ತಿದೆ ಅಂದುಕೊಂಡು ಉಷ್ಣತೆ ಬದಲಿಸಿದೆ, ಪಿಎಚ್ ಬದಲಿಸಿದೆ, ಕಣದ ಗಾತ್ರವನ್ನೂ ದೂರಿದೆ. ಅಷ್ಟರಲ್ಲಿ ಕೊಯ್ಲೇ ಮುಗಿದು, ಮುಂದಿನ ಹಣ್ಣಿಗೆ ವರ್ಷ ಕಾಯೋ ಹಾಗಾಯ್ತು.

ಕಣ ತೆಗೆದ ಮೇಲೆ ಉಳಿಯೋ ತಿಳಿನೀರನ್ನು ಪರೀಕ್ಷಿಸು ಅಂದವರು ಒಬ್ಬ ಸೀನಿಯರ್. ಅದಕ್ಕೆ ಪೆಕ್ಟಿನ್ ಹಾಕಿಟ್ಟು, ಸಕ್ಕರೆ ಇದ್ದರೆ ಬಣ್ಣ ಬದಲಿಸೋ ಡಿಎನ್‌ಎಸ್ ಸೇರಿಸಿ ಕುದಿಸಿದೆ. ಹಳದಿ ಟ್ಯೂಬು ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಅಂದರೆ ಪೆಕ್ಟಿನ್ ಒಡೆದು ಸಕ್ಕರೆ ಆಗಿತ್ತು. ಎಂಜೈಮ್ ಸತ್ತಿರಲಿಲ್ಲ, ಕಣ ಬಿಟ್ಟು ನೀರಿಗಿಳಿದಿತ್ತು. ನಾನು ಅದನ್ನೇ ಸಿಂಕಿಗೆ ಚೆಲ್ಲುತ್ತಿದ್ದೆ.

ಕಾರಣ, ಅಂಟಿಸೋ ಹೊತ್ತಿಗೆ ಫ್ರಿಜ್‌ನಲ್ಲಿ ಕೈಗೆ ಸಿಕ್ಕ ಟ್ರಿಸ್ ಬಫರ್ (ಪಿಎಚ್ ಏರುಪೇರಾಗದಂತೆ ಕಾಯೋ ದ್ರಾವಣ) ಬಳಸಿದ್ದು. ಗ್ಲುಟರಾಲ್ಡಿಹೈಡ್ ಹುಡುಕೋದು ಅಮೈನ್ ಅನ್ನೋ ಸಾರಜನಕದ ಗುಂಪನ್ನು. ಪೆಕ್ಟಿನೇಸಿನ ಮೈಮೇಲೆ ಲೈಸಿನ್ ಅನ್ನೋ ಅಮೈನೊ ಆಮ್ಲ ಇದ್ದಲ್ಲಿ ಅದು ಸಿಗುತ್ತೆ. ಆದರೆ ಟ್ರಿಸ್ ಅಣುವಿನಲ್ಲೂ ಅದೇ ಗುಂಪಿದೆ, ಅದೂ 50 ಮಿಲಿಮೋಲಾರ್ ಬಫರಿನಲ್ಲಿ ಒಂದು ಎಂಜೈಮ್ ಅಣುವಿಗೆ ಸಾವಿರಾರು ಟ್ರಿಸ್ ಅಣು! ಎಂಜೈಮ್ ಕೂರಬೇಕಾದ ಜಾಗವನ್ನೆಲ್ಲ ಅವು ಹಿಡಿದವು. ಎಂಜೈಮ್ ಬರೀ ವಿದ್ಯುದಾವೇಶದ ಸೆಳೆತಕ್ಕೆ ಆತುಕೊಂಡಿತ್ತು. ಹಣ್ಣಿನ ಹುಳಿ, ಲವಣ ತಗುಲಿದ್ದೇ ಕಳಚಿಕೊಂಡಿತು. ಕಣ ಮಾಡುವಾಗಿನ ಅಮೋನಿಯಾ ಸರಿಯಾಗಿ ತೊಳೆದಿರದಿದ್ದರೂ, ಎಂಜೈಮಿನ ಜೊತೆ ಅಮೋನಿಯಂ ಸಲ್ಫೇಟ್ ಇದ್ದರೂ ಇದೇ ಗತಿ. ಎಂಜೈಮನ್ನು ಡಯಾಲಿಸಿಸ್ ಮಾಡಿ (ಪೊರೆಯ ಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ಹೊರಹಾಕಿ), ಫಾಸ್ಫೇಟ್ ಬಫರಿನಲ್ಲಿ ಅಂಟಿಸಿ, 1 ಮೋಲಾರ್ ಉಪ್ಪುನೀರಿನಲ್ಲಿ ತೊಳೆದು, ಆ ತೊಳೆದ ನೀರನ್ನೂ ಅಳೆಯಿರಿ.

ಇನ್ನು ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ನಮ್ಮ ಕಡೆ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್‌ನಿಂದ ಬಂದ ಬೀಜ ತೊಟ್ಟಿಯಲ್ಲಿ 24ರಿಂದ 36 ಗಂಟೆ ನೆನೆದರೆ ಸೂಕ್ಷ್ಮಜೀವಿಗಳು ಪೆಕ್ಟಿನೇಸನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ಆ ಲೋಳೆಯಿಂದ ಕಣವನ್ನು ಪೂರ್ತಿ ಹೆಕ್ಕಿ ತೆಗೆಯೋರು ಯಾರು? ಸಾಲದ್ದಕ್ಕೆ ಸಿಪ್ಪೆಯ ಪಾಲಿಫಿನಾಲ್ ಬರಿಗಬ್ಬಿಣಕ್ಕೆ ತಗುಲಿದರೆ ಅಳಲೆಕಾಯಿ ಮಸಿ ಥರ ಕಪ್ಪಾಗುತ್ತೆ. ಅಂಥ ಪಾರ್ಚ್‌ಮೆಂಟನ್ನು (ಹೊಟ್ಟಿರೋ ಒಣ ಕಾಫಿಬೀಜವನ್ನು) ಯಾವ ವ್ಯಾಪಾರಿ ಮುಟ್ಟುತ್ತಾನೆ?

ಎಂಜೈಮ್ ದುಬಾರಿಯಾಗಿದ್ದು, ದ್ರವ ತಿಳಿಯಾಗಿದ್ದರೆ ಮಾತ್ರ ಮರುಬಳಕೆ ಗಿಟ್ಟುತ್ತೆ. ಅದಕ್ಕೂ ನ್ಯಾನೊ ಬೇಕೇಬೇಕು ಅಂತಿಲ್ಲ. 1916ರಲ್ಲಿ ನೆಲ್ಸನ್ ಮತ್ತು ಗ್ರಿಫಿನ್ ಸಕ್ಕರೆ ಒಡೆಯೋ ಇನ್ವರ್ಟೇಸ್ ಎಂಜೈಮನ್ನು ಇದ್ದಿಲಿಗೆ ಅಂಟಿಸಿಯೂ ಕೆಲಸ ಮಾಡಿಸಿದ್ದರು. 1969ರಲ್ಲಿ ಜಪಾನಿನ ತನಾಬೆ ಕಂಪನಿ ಅಮೈನೊ ಆಮ್ಲಗಳನ್ನು ಬೇರ್ಪಡಿಸೋ ಕಾರ್ಖಾನೆ ನಡೆಸಿದ್ದು ಸೆಫಾಡೆಕ್ಸ್ ಅನ್ನೋ ಜೆಲ್ ಮಣಿಗಳಿಗೆ ಅಂಟಿಸಿದ ಎಂಜೈಮಿನಿಂದ.

ನಿಮ್ಮ ಪ್ರಾಜೆಕ್ಟ್ ಸಿನಾಪ್ಸಿಸ್‌ಗೆ ಆಗಲೇ ಸಹಿ ಬಿದ್ದಿದ್ದರೆ ಮ್ಯಾಗ್ನೆಟೈಟನ್ನೇ ಇಟ್ಟುಕೊಳ್ಳಿ, ಸಿಲಿಕಾ ಲೇಪ ಹಾಕಿ. ಗೈಡನ್ನು ಹೇಗಾದರೂ ಒಪ್ಪಿಸಿ ಕಾಫಿ ಬದಲು ಸೇಬಿನ ರಸ ತಿಳಿಗೊಳಿಸೋ ಕೆಲಸಕ್ಕೆ ತಿರುಗಿಸಿ. ಸೇಬು ಹಾಸನದ ಮಾರ್ಕೆಟ್ಟಿನಲ್ಲಿ ವರ್ಷವಿಡೀ ಸಿಗುತ್ತೆ.