ವಾಸ್ಕೋದ ಬಾಡಿಗೆ ಮನೆಯ ಹಾಲ್‌ಗೆ ಐಡಿಯಾ

ವಾಸ್ಕೋದಲ್ಲಿ ಬಾಡಿಗೆ ಮನೆ, ಹಾಲ್‌ಗೆ ಪಶ್ಚಿಮದ ಬಿಸಿಲು, ಮೊಬೈಲಲ್ಲಿ ಮನೆ ಅಲಂಕಾರದ ಫೋಟೋ ನೋಡಿ ನೋಡಿ ತಲೆ ಕೆಟ್ಟಿದೆ ಅಂದಿದ್ದೀರಿ. ಫೋಟೋ ಬಿಡಿ. ದಕ್ಷಿಣ ಗೋವಾದ ಕೆಪೆಂನಲ್ಲಿ ಪಾಲಾಸಿಯೊ ದು ದೆಯಾಂವ್ ಅನ್ನೋ 1787ರ, ಪೋರ್ಚುಗೀಸರ ಕಾಲದ ದೊಡ್ಡ ಮನೆ ಇದೆ, ಮೊದಲೇ ಕೇಳಿಕೊಂಡು ಹೋಗಿಬನ್ನಿ. ದೊಡ್ಡ ಮೇಜು, ಕುರ್ಚಿ ನಮ್ಮಂಥವರಿಗಲ್ಲ, ಸುಮ್ನೆ ದಾಟಿಬಿಡಿ. ಕಿಟಕಿ ಹತ್ರ ನಿಲ್ಲಿ. ಗೋವಾದ ಹಳೇ ಮನೆಗಳಲ್ಲಿ ಗಾಜಿನ ಬದಲು ತೆಳು ಕಪ್ಪೆಚಿಪ್ಪಿನ ಬಿಲ್ಲೆಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬಿಸಿಲು ಅದರಲ್ಲಿ ಸೋಸಿಕೊಂಡು, ಹಾಲುಬಿಳುಪಿಗೆ ತಿರುಗಿ ಒಳಗೆ ಬರುತ್ತದೆ. ನೆಲ, ಗೋಡೆ ಎಲ್ಲಾ ಮೆತ್ತಗೆ ಕಾಣುತ್ತವೆ.

ಬಾಡಿಗೆ ಮನೆಯಲ್ಲಿ ಚಿಪ್ಪು ಕೂರಿಸೋಕೆ ಆಗಲ್ಲ ಅಲ್ವಾ? ನಾನು ಮಡಗಾಂವ್‌ನಲ್ಲಿ ಹಳೇ ಬಿಳಿ ಪಂಚೆಯನ್ನೇ ಪರದೆ ಮಾಡಿದೆ. ಮನೆಯವರು ಜೋರಾಗಿ ನಕ್ಕರು. ಸಂಜೆ ನಾಲ್ಕಕ್ಕೆ ಗೋಡೆ ಮೇಲೆ ಬಿದ್ದ ಮೆತ್ತಗಿನ ಬೆಳಕು ನೋಡಿ, ಇನ್ನೊಂದು ಪಂಚೆ ತಂದುಕೊಟ್ಟರು.