ಪ್ರಾರ್ಥನೆ ಮಾಡಲಾಗದ ತಾಯಿ: ಡೊಂಬಿವಲಿಯ ಒಂದು ಪ್ರಕರಣ

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರನ್ನು ಎಸ್ತೇರ ಎಂದು ಕರೆಯೋಣ. ಹೆಸರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವ ಮುಂಚೆ ಒಪ್ಪಿಗೆ ಕೇಳಿದಾಗ, "ನನ್ನಂಥ ಇನ್ನೊಬ್ಬಾಕಿಗೆ ಉಪಯೋಗ ಆಗ್ಲಿ ಅಕ್ಕಾ, ಬರೀರಿ" ಎಂದರು.

ವಯಸ್ಸು 39. ತವರು ಬೀದರ್ ಕಡೆ, ಮೆಥೊಡಿಸ್ಟ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಯ (ಚರ್ಚಿನ) ಕುಟುಂಬ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವರು. ಗಂಡನಿಗೆ ಅಂಬರನಾಥದ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಇವರು ಮುಂಬೈಯ ಫೋರ್ಟ್ ಭಾಗದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾರೆ. ಮಗ ಹತ್ತನೇ ಕ್ಲಾಸು, ಮಗಳು ಎರಡನೇ ಕ್ಲಾಸು. ಜೊತೆಗೆ ಅತ್ತೆ. ಐದು ಜನಕ್ಕೆ ಒಂದು ಹಾಲ್, ಒಂದು ಬೆಡ್‌ರೂಮ್.

ಮೊದಲ ದಿನ ಅವರು ಹೇಳಿದ್ದು ಇಷ್ಟೇ: "ಪ್ರಾರ್ಥನಾ ಮಾಡ್ಲಿಕ್ಕೆ ಆಗವಲ್ದು ರೀ ಅಕ್ಕಾ. ಕಣ್ಣು ಮುಚ್ಚಿದ್ರ ನಿದ್ದಿ ಬರ್ತದ, ಇಲ್ಲಾಂದ್ರ ಸಿಟ್ಟು ಬರ್ತದ. ದೇವರಿಂದ ದೂರ ಹೋಗೀನಿ. ಇಂಥಾ ತಾಯಿ ಮಕ್ಕಳಿಗೆ ಏನು ಕಲಸ್ತಾಳ?"

ಇದಕ್ಕೂ ಮುಂಚೆ ಆಫೀಸಿನವರು ತೋರಿಸಿದ ಒಬ್ಬ ಆಪ್ತಸಲಹೆಗಾರರ ಹತ್ತಿರ ಹೋಗಿದ್ದರಂತೆ. "ಈ ಪ್ರಾರ್ಥನೆ, ಸಭೆ ಎಲ್ಲ ಸ್ವಲ್ಪ ಬಿಟ್ಟುಬಿಡಿ, ಆರಾಮ ಆಗ್ತೀರಿ" ಎಂದರಂತೆ. ಎಸ್ತೇರ ಮತ್ತೆ ಆ ಕಡೆ ಹೋಗಲಿಲ್ಲ. ಹೋಗದೇ ಇದ್ದದ್ದು ಸಹಜ. ಮುಳುಗುತ್ತಿರುವವರ ಕೈಯಲ್ಲಿರುವ ಒಂದೇ ಹಗ್ಗವನ್ನು ಬಿಡಿ ಎಂದರೆ ಯಾರು ಕೇಳುತ್ತಾರೆ? ಇತ್ತ ಸಭೆಯ ಸ್ತ್ರೀ ಸಮಾಜದಲ್ಲಿ ಸಿಕ್ಕ ಸಲಹೆ ಉಲ್ಟಾ: ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು, ಶುಕ್ರವಾರ ಉಪವಾಸ ಮಾಡು. ಉಪವಾಸ ಶುರುವಾಯಿತು. ಒಂದು ಶುಕ್ರವಾರ ದಾದರ್ ಸ್ಟೇಷನ್‌ನಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಲೋಕಲ್ ರೈಲಿನ ಲೇಡೀಸ್ ಡಬ್ಬದ ಗೆಳತಿಯೊಬ್ಬರು ಮನೆಗೆ ಬಿಟ್ಟು ಬಂದರು. ನನ್ನ ನಂಬರ್ ಕೊಟ್ಟವರೂ ಅವರೇ.

ಮನಸ್ಸಿನ ಮಾತಿಗೆ ಮುಂಚೆ ದಿನಚರಿ ಕೇಳಿದೆ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಚಪಾತಿ ಹಿಟ್ಟು, ಮಕ್ಕಳ ಟಿಫಿನ್, ಎರಡು ಊಟದ ಡಬ್ಬ. ಆಮೇಲೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್‌ಗೆ ಹೋಗುವ ಫಾಸ್ಟ್ ಲೋಕಲ್, ಅರ್ಧ ದಾರಿ ನಿಂತೇ ಪ್ರಯಾಣ. ವಾಪಸ್ಸು ಬರುವಾಗ ಸೀಟು ಸಿಕ್ಕರೆ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಹರವಿಕೊಂಡು ಚವಳಿಕಾಯಿ ನಾರು ತೆಗೆಯುತ್ತಾರೆ. ಕಲ್ಯಾಣ್ ಲೈನಿನ ಹೆಂಗಸರಿಗೆ ಇದು ಹೊಸದಲ್ಲ. ಠಾಣೆ ದಾಟುವುದರೊಳಗೆ ರಾತ್ರಿಯ ಪಲ್ಯ ತಯಾರಾಗಿರಬೇಕು. ಎಂಟಕ್ಕೆ ಮನೆ. ಅಡಿಗೆ, ಊಟ, ಮಗಳ ಹೋಮ್‌ವರ್ಕ್. ಹತ್ತಕ್ಕೆ ಮನೆ ಪ್ರಾರ್ಥನೆ. ಶನಿವಾರ ಸ್ತ್ರೀ ಸಮಾಜ. ಭಾನುವಾರವಾದರೂ ಬಿಡುವು ಸಿಗುತ್ತದೆಯೇ? ಕನ್ನಡ ಸಭೆ ಬೇರೆಯವರ ಚರ್ಚಿನಲ್ಲಿ ಮಧ್ಯಾಹ್ನ ನಡೆಯುತ್ತದೆ, ಅದಕ್ಕೂ ಮುಂಚೆ ಇವರೇ ಸಂಡೇ ಸ್ಕೂಲ್ ನಡೆಸುತ್ತಾರೆ.

"ರಾತ್ರಿ ಎಷ್ಟು ಹೊತ್ತು ನಿದ್ದೆ?" ಎಂದೆ. "ಐದು ತಾಸು. ಅದೂ ಸುಮ್ನೆ ಬಿದ್ದಿರ್ತೀನಿ."

ಮಾತಿನ ನಡುವೆ ಒಂದು ವಾಕ್ಯ ಜಾರಿತು: "ದೇವರು ಕರ್ಕೊಂಡ್ರ ಸಾಕು ಅನಸ್ತದ." ಇಂಥ ಮಾತು ಕಿವಿಗೆ ಬಿದ್ದರೆ ಕೇಳದ ಹಾಗೆ ಮುಂದೆ ಹೋಗಬಾರದು. ನೇರವಾಗಿಯೇ ಕೇಳಿದೆ, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ ಎಂದು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳಿದಾಗ ಹೇಳಿಕೊಳ್ಳಲು ಬಾಗಿಲು ಸಿಗುತ್ತದೆ. ಎಸ್ತೇರ ಅತ್ತರು. "ಇಲ್ಲ, ಮಕ್ಕಳ ಮುಖ ನೆನಪಾಗ್ತದ. ಬರೀ ಸಾಕಾಗ್ಯಾದ." ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅವರ ಫೋನಿನಲ್ಲಿ ಹಾಕಿಸಿದೆ. ರಾತ್ರಿ ಹೊತ್ತಿನಲ್ಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಮುಂದಿನ ಪ್ರತಿ ಭೇಟಿಯಲ್ಲೂ ಅದೇ ಪ್ರಶ್ನೆ ಮತ್ತೆ ಕೇಳಿದೆ.

ನಾನೂ ಕ್ರೈಸ್ತ ಮನೆತನದವಳು. ಆದರೂ ಬಂದವರಿಗೆ ನಾನಾಗಿ ವಚನ ಹೇಳುವುದಿಲ್ಲ. ಅವರು ಬೈಬಲ್ ಇಟ್ಟುಕೊಂಡೇ ಮಾತಾಡಿದರೆ ನಾನೂ ಅಲ್ಲಿಂದಲೇ ಮಾತಾಡುತ್ತೇನೆ. ಎಸ್ತೇರ ಹೇಳಿದ ಮಾತನ್ನು ಬೈಬಲಿನಲ್ಲಿ ಒಬ್ಬ ಪ್ರವಾದಿಯೇ ಹೇಳಿದ್ದಾನೆ, ಒಂದನೇ ಅರಸುಗಳ 19ನೇ ಅಧ್ಯಾಯದಲ್ಲಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕು, ಪ್ರಾಣ ತೆಗೆದುಕೋ ಎನ್ನುತ್ತಾನೆ. ಆಗ ದೇವದೂತ ಏನು ಮಾಡಿದ? ಬುದ್ಧಿವಾದ ಹೇಳಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಪ್ರಶ್ನೆ ಕೇಳಿದ್ದು ಎಷ್ಟೋ ದಿನ ಆದಮೇಲೆ, ಹೋರೇಬ್ ಬೆಟ್ಟದಲ್ಲಿ.

"ಎಸ್ತೇರ ಅವರೇ, ಇದರಲ್ಲಿ ನೀವು ಎಲ್ಲಿದ್ದೀರಿ?" ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ರೊಟ್ಟಿಗಿಂತ ಮೊದಲು ಇದ್ದೀನಿ" ಎಂದರು.

ಮೊದಲ ಸಲಹೆ ಅಲ್ಲಿಂದಲೇ ಬಂತು: ರಕ್ತ ಪರೀಕ್ಷೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. ಎಸ್ತೇರ ಅವರದ್ದು 8.4. ತಿಂಗಳ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇತ್ತು, ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಸ್ಕ್ಯಾನ್ ಮಾಡಿಸಿದರು. ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಳ್ಳುತ್ತಿದ್ದರು, ಅದನ್ನು ಬಿಡಿಸಿದೆವು. ಚಹಾ ಕಬ್ಬಿಣ ಹಿಡಿಯಲು ಬಿಡುವುದಿಲ್ಲ, ನಿಂಬೆ ಪಾನಕದ ಜೊತೆ ಚೆನ್ನಾಗಿ ಹಿಡಿಯುತ್ತದೆ. ಈ ಸ್ಥಿತಿಯಲ್ಲಿ ಉಪವಾಸ ಬೇಡವೇ ಬೇಡ ಎಂದೆ. ಅವರಿಗೆ ಒಪ್ಪಲು ಕಷ್ಟವಾಯಿತು. ಅವರ ಅನುಮತಿ ಪಡೆದು ಅವರ ಪಾಸ್ಟರ್ ಜೊತೆ ಮಾತಾಡಿದೆ. ಅವರು ಒಂದೇ ಮಾತಿಗೆ ಒಪ್ಪಿದರು, ತಾವೇ ಮನೆಗೆ ಹೋಗಿ ಉಪವಾಸ ನಿಲ್ಲಿಸು ಎಂದು ಹೇಳಿ ಬಂದರು. ಸಂಡೇ ಸ್ಕೂಲಿಗೆ ಬೇರೆ ಇಬ್ಬರನ್ನು ಹಾಕಿದರು. ಬೈಬಲಿನ ಧರ್ಮೋಪದೇಶಕಾಂಡದ ವಿಶ್ರಾಂತಿಯ ಆಜ್ಞೆಯಲ್ಲಿ ಎತ್ತು, ಕತ್ತೆಗೂ ವಿಶ್ರಾಂತಿ ಹೇಳಿದೆ. ಸಭೆಯ ಅಕ್ಕಂದಿರಿಗೂ ಅದು ಸಿಗಬೇಕಲ್ವಾ?

ದಣಿವನ್ನು ಅವಿಶ್ವಾಸ ಎಂದು ಎಣಿಸಿದ್ದೇ ಎಸ್ತೇರರನ್ನು ಅರ್ಧ ಹಣಿದಿತ್ತು. ಉಳಿದರ್ಧ ಸಿಕ್ಕಿದ್ದು ಮನೆ ಪ್ರಾರ್ಥನೆಯಲ್ಲಿ.

ಅವರನ್ನು ನನ್ನ ತನಕ ತಂದ ಆ ರಾತ್ರಿ ನಡೆದದ್ದು ಹೀಗೆ. ಹತ್ತೂಕಾಲು ಆಗಿತ್ತು. ಅತ್ತೆ ಹಾಡು ಹೇಳಿ, ಪೂರ್ತಿ ಅಧ್ಯಾಯ ಓದಿಸಿ, ಬೀದರ್, ಹುಮನಾಬಾದಿನ ನೆಂಟರಲ್ಲಿ ಯಾರ್ಯಾರಿಗೆ ಹುಷಾರಿಲ್ಲವೋ ಅವರ ಹೆಸರೆಲ್ಲ ಹೇಳುತ್ತಿದ್ದರು. ದಿನಾ ಮುಕ್ಕಾಲು ಗಂಟೆ. ಮಗ ಬರುವುದನ್ನೇ ಬಿಟ್ಟಿದ್ದ, ಬೆಡ್‌ರೂಮಿನಲ್ಲಿ ಓದುತ್ತಾ ಕೂತಿದ್ದ. ಮಗಳು ನಿದ್ದೆಗಣ್ಣಲ್ಲಿ ಯಾವುದೋ ಹೆಸರು ಕೇಳಿ ಕಿಸಕ್ಕನೆ ನಕ್ಕಳು. ಎಸ್ತೇರ ಅವಳ ಬೆನ್ನಿಗೆ ಬಲವಾಗಿ ಹೊಡೆದರು. ತೊಡೆಯ ಮೇಲಿದ್ದ ಬೈಬಲ್ ಕೆಳಗೆ ಬಿತ್ತು. ಅತ್ತೆ ಅಂದದ್ದು ಒಂದೇ ಮಾತು: "ಸತ್ಯವೇದ ನೆಲಕ್ಕ ಹಾಕಿದೆಲ್ಲಾ." ಅವತ್ತಿನಿಂದ ಎಸ್ತೇರರಿಗೆ ಪ್ರಾರ್ಥನೆಗೆ ಬಾಯಿ ಬರಲಿಲ್ಲ.

"ಮಗಳ ಹತ್ತಿರ ಕ್ಷಮೆ ಕೇಳಿದಿರಾ?" ಎಂದೆ. ದೇವರ ಹತ್ತಿರ ದಿನಾ ಕೇಳುತ್ತಿದ್ದರು, ಮಗಳ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಯೇಸು ಹೇಳಿದ್ದು ಅವರಿಗೆ ಬಾಯಿಪಾಠ. ಅದು ಏಳು ವರ್ಷದ ಮಗುವಿಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಅವತ್ತೇ ರಾತ್ರಿ ಕೇಳಿದರು. ಮಗಳು, "ನಾನು ಆಗಲೇ ಮರ್ತುಬಿಟ್ಟೀನಿ ಮಮ್ಮಿ, ಆದ್ರ ಬೆನ್ನು ಭಾಳ ಉರೀತು" ಎಂದಳಂತೆ. ಮಕ್ಕಳು ಎರಡನ್ನೂ ಒಟ್ಟಿಗೆ ಹೇಳಬಲ್ಲರು.

ಮಗನ ವಿಷಯ ಇನ್ನೂ ಆಳದ್ದು. "ಅವನು ದಾರಿ ತಪ್ಪಿದಾನ" ಎಂದೇ ಎಸ್ತೇರ ಮಾತು ಶುರು ಮಾಡಿದ್ದರು. ಯಾವಾಗಿನಿಂದ ಎಂದು ಹಿಂದೆ ಹಿಂದೆ ಹೋದಾಗ 2021ರ ಮೇ ತಿಂಗಳು ಸಿಕ್ಕಿತು. ಕೊರೊನಾ ಎರಡನೇ ಅಲೆಯಲ್ಲಿ ಮಾವ ತೀರಿಕೊಂಡಿದ್ದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡಲಿಲ್ಲ, ಮಣ್ಣಿಗೆ ನಾಲ್ಕೈದು ಜನ. ಮೊಮ್ಮಗನಿಗೆ ಅಜ್ಜ ಎಂದರೆ ಪ್ರಾಣ. ಮನೆಯವರೆಲ್ಲ ಮೊಣಕಾಲೂರಿ ಪ್ರಾರ್ಥಿಸಿದ್ದರು. ಕೆಲವು ದಿನ ಆದಮೇಲೆ ಹುಡುಗ ಕೇಳಿದ್ದ: "ಅಜ್ಜನ ಸಲುವಾಗಿ ಅಷ್ಟು ಪ್ರಾರ್ಥನಾ ಮಾಡಿದ್ವಿ, ಮತ್ತ್ಯಾಕ ಹೋದ?" ಎಸ್ತೇರ ಹೆದರಿಬಿಟ್ಟರು. "ಹಂಗ ಕೇಳಬಾರದು, ಪಾಪ" ಎಂದು ಬಾಯಿ ಮುಚ್ಚಿಸಿದರು. ಆಮೇಲೆ ಅವನು ಏನೂ ಕೇಳಲಿಲ್ಲ. ನಿಧಾನವಾಗಿ ಬರುವುದನ್ನೂ ನಿಲ್ಲಿಸಿದ.

ಆ ಪ್ರಶ್ನೆ ಪಾಪವಲ್ಲ, ಬೈಬಲಿನ ಕೀರ್ತನೆಗಳ ಪುಸ್ತಕದ ತುಂಬ ಅದೇ ಇದೆ ಎಂದೆ. 13ನೇ ಕೀರ್ತನೆ ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ ಎಂದು ದೇವರನ್ನು ಕೇಳುತ್ತಲೇ ಶುರುವಾಗುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯದರ ಮೊದಲ ಮಾತು, ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಎಂದು. ಮಗನಿಗೆ ಏನು ಹೇಳಬೇಕು ಎಂದು ಇಬ್ಬರೂ ಕೂತು ಯೋಚಿಸಿದೆವು. ಕೊನೆಗೆ ಉಳಿದದ್ದು ಮೂರು ಸಣ್ಣ ಮಾತು: "ನೀನು ಕೇಳಿದ ಪ್ರಶ್ನೆ ನನಗೂ ಇದೆ. ಉತ್ತರ ನನಗೂ ಗೊತ್ತಿಲ್ಲ. ಅವತ್ತು ನಿನ್ನ ಬಾಯಿ ಮುಚ್ಚಿಸಬಾರದಿತ್ತು." ಇದರ ಹಿಂದೆ ಉಪದೇಶ ಸೇರಿಸಬೇಡಿ, ಸಭೆಗೆ ಬಾ ಎಂದು ಕೊನೆಯಲ್ಲಿ ಅಂಟಿಸಬೇಡಿ ಎಂದು ಒತ್ತಿ ಹೇಳಿದೆ. ಅಂಟಿಸಿದರೆ ಹುಡುಗರಿಗೆ ತಕ್ಷಣ ಗೊತ್ತಾಗುತ್ತದೆ.

ಅದನ್ನು ಯಾವಾಗ, ಎಲ್ಲಿ ಹೇಳಬೇಕು? ಒಂದೇ ಬೆಡ್‌ರೂಮಿನ ಮನೆಯಲ್ಲಿ ಗುಟ್ಟಿನ ಮಾತಿಗೆ ಜಾಗವೇ ಇಲ್ಲ. ಇಲ್ಲಿ ಸುಸನ್ನಾ ವೆಸ್ಲಿ ನೆನಪಾದರು. ಮೆಥೊಡಿಸ್ಟರಿಗೆಲ್ಲ ಗೊತ್ತಿರುವ ತಾಯಿ, ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ಅಮ್ಮ. ಸ್ತ್ರೀ ಸಮಾಜದಲ್ಲಿ ಎಸ್ತೇರರಿಗೆ ಇವರದೇ ಉದಾಹರಣೆ ಕೊಟ್ಟಿದ್ದರಂತೆ: 19 ಮಕ್ಕಳನ್ನು ಹೆತ್ತ ತಾಯಿ ಏಪ್ರನ್ ತಲೆ ಮೇಲೆ ಹಾಕಿಕೊಂಡು ಅಡಿಗೆಮನೆಯಲ್ಲೇ ಪ್ರಾರ್ಥಿಸುತ್ತಿದ್ದಳು, ನಿನಗೆ ಇಬ್ಬರು ಮಕ್ಕಳಿಗೇ ಆಗುವುದಿಲ್ಲವಾ? ಹೀಗೆ ಹೋಲಿಸಿ ನೋಯಿಸುವುದು ನನಗೆ ಸಿಟ್ಟು ತರಿಸುತ್ತದೆ. ಆ ತಾಯಿಯ ಮನೆಯಲ್ಲಿ ಆಳುಗಳಿದ್ದರು. ಹುಟ್ಟಿದ ಮಕ್ಕಳಲ್ಲಿ ಒಂಬತ್ತು ಶಿಶುಗಳು ತೀರಿಹೋದ ದುಃಖವನ್ನೂ ಅವರು ಉಂಡಿದ್ದರು. ಅವರ ಬದುಕಿನಲ್ಲಿ ನಮಗೆ ನಿಜಕ್ಕೂ ಕೆಲಸಕ್ಕೆ ಬರುವುದು ಬೇರೊಂದಿದೆ. 1712ರಲ್ಲಿ ಗಂಡನಿಗೆ ಬರೆದ ಕಾಗದದಲ್ಲಿ ಅದನ್ನು ಹೇಳಿದ್ದಾರೆ: ಪ್ರತಿ ಮಗುವಿನ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಲು ವಾರದಲ್ಲಿ ಒಂದು ರಾತ್ರಿ. ಗುರುವಾರ ಜಾನ್, ಶನಿವಾರ ಚಾರ್ಲ್ಸ್. 

ಎಸ್ತೇರ ಮಗನಿಗೆ ಗುರುವಾರವನ್ನೇ ಇಟ್ಟರು. ಅವನ ಟ್ಯೂಷನ್ ಬಿಡುವ ಹೊತ್ತಿಗೆ ಇವರು ಸ್ಟೇಷನ್‌ನಲ್ಲಿ ಇಳಿಯುತ್ತಾರೆ. ಇಬ್ಬರೂ ವಡಾಪಾವ್ ತಿಂದು, ರಿಕ್ಷಾ ಬಿಟ್ಟು ನಡೆದು ಮನೆಗೆ ಬರುವುದು. ದೇವರ ಮಾತನ್ನು ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ ಮಕ್ಕಳ ಜೊತೆ ಮಾತಾಡಿ ಎಂದು ಮೋಶೆ ಹೇಳಿದ್ದಾನೆ, ಅಲ್ವಾ. ಮೊದಲೆರಡು ಗುರುವಾರ ಹುಡುಗ ಕ್ರಿಕೆಟ್ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಸುಮ್ನೆ ಕೇಳಿಸಿಕೊಳ್ಳಿ ಎಂದಿದ್ದೆ. ಆಮೇಲೊಂದು ಗುರುವಾರ ಎಸ್ತೇರ ಆ ಮೂರು ಮಾತು ಹೇಳಿದರು. ಅವನು ರಸ್ತೆ ಬದಿಯಲ್ಲೇ ನಿಂತು ಅತ್ತನಂತೆ. "ಆಸ್ಪತ್ರಿಗೆ ಹೋಗೋವಾಗ ಅಜ್ಜ ಬಾಯ್ ಅಂದಾಗ ನಾ ಮೊಬೈಲ್ ನೋಡ್ಕೊಂಡು ಕೂತಿದ್ದೆ" ಎಂದನಂತೆ. ಇಷ್ಟು ವರ್ಷ ಅದನ್ನು ಒಬ್ಬನೇ ಹೊತ್ತಿದ್ದ.

ಅತ್ತೆಯನ್ನೂ ಒಮ್ಮೆ ಕರೆಸಿದೆ. ಹಟಮಾರಿ ಅತ್ತೆ ಎಂದುಕೊಳ್ಳುವುದು ಸುಲಭವಿತ್ತು. ಮಾವ ಇದ್ದಾಗ ಪ್ರಾರ್ಥನೆ ಯಾರು ನಡೆಸುತ್ತಿದ್ದರು ಎಂದು ಕೇಳಿದೆ. "ಅವರೇ. ಒಂದು ಹಾಡು, ನಾಲ್ಕು ವಚನ, ಹತ್ತು ನಿಮಿಷದಾಗ ಮುಗಸ್ತಿದ್ರು" ಎಂದರು. ಮತ್ತೆ ಈಗ ಯಾಕೆ ಇಷ್ಟು ಹೊತ್ತು? ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಗಿಸಿ ಎದ್ರ ಮನಿ ಖಾಲಿ ಅನಸ್ತದವ್ವಾ." ಎಸ್ತೇರ ಪಕ್ಕದಲ್ಲೇ ಇದ್ದರು. ಅತ್ತೆಯ ಕೈ ಹಿಡಿದುಕೊಂಡರು.

ಆಮೇಲೆ ವ್ಯವಸ್ಥೆ ಬದಲಿಸುವುದು ಕಷ್ಟವಾಗಲಿಲ್ಲ. ಮನೆ ಪ್ರಾರ್ಥನೆ ಈಗ ಊಟಕ್ಕೆ ಮುಂಚೆ, ಮಾವನ ಕಾಲದ ಹಾಗೆ ಹತ್ತು ನಿಮಿಷ. ನೆಂಟರ ಹೆಸರಿನ ಪಟ್ಟಿ ಮಧ್ಯಾಹ್ನಕ್ಕೆ ಹೋಯಿತು, ಹುಮನಾಬಾದಿನ ತಂಗಿ ಜೊತೆ ಫೋನಿನಲ್ಲಿ ಅತ್ತೆ ಎಷ್ಟು ಹೊತ್ತು ಬೇಕಾದರೂ ಪ್ರಾರ್ಥಿಸುತ್ತಾರೆ. ವಾರಕ್ಕೊಮ್ಮೆ ಅಜ್ಜ ಹಾಡುತ್ತಿದ್ದ ಹಾಡು, ಅಜ್ಜನ ಹೆಸರು ಹೇಳಿ ಒಂದು ನೆನಪು. ಆ ದಿನ ಹುಡುಗ ಬಂದು ಬಾಗಿಲ ಹತ್ತಿರ ಕೂರುತ್ತಾನೆ. ಒಳಗೆ ಬಾ ಎಂದು ಯಾರೂ ಕರೆಯುವುದಿಲ್ಲ, ಅದು ನಮ್ಮ ಒಪ್ಪಂದ.

ಎಸ್ತೇರರ ಸ್ವಂತ ಪ್ರಾರ್ಥನೆಗೆ ನಾನು ಗಂಟೆ ಗೊತ್ತು ಮಾಡಲಿಲ್ಲ. ಆರು ವಾರ ಮಾತ್ರೆ, ಊಟ, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು, ಇಷ್ಟೇ ಕೊಟ್ಟೆ. ಲೋಕಲ್‌ನಲ್ಲಿ ಚವಳಿಕಾಯಿ ಬಿಡಿಸುವಾಗ ಒಂದೆರಡು ಮಾತು ತಾನಾಗೇ ಬರುತ್ತಿದೆ ಎಂದು ಅವರೇ ಒಂದು ದಿನ ಹೇಳಿದರು. ಅದನ್ನು ಪ್ರಾರ್ಥನೆ ಅಂತ ಲೆಕ್ಕಕ್ಕೆ ಹಿಡೀಬಹುದಾ ಎಂದು ಕೇಳಿದರು. ಲೆಕ್ಕವನ್ನೇ ಬಿಡಿ ಎಂದೆ.

ಸ್ತ್ರೀ ಸಮಾಜ ನಡೆಸುವ ಅಕ್ಕಂದಿರಲ್ಲಿ ಒಂದು ಕೋರಿಕೆ ಇದೆ. ಯಾರಾದರೂ ಪ್ರಾರ್ಥನೆ ಆಗುತ್ತಿಲ್ಲ ಎಂದರೆ ಸಲಹೆ ಕೊಡುವ ಮುಂಚೆ ಕೇಳಿ: ಊಟ ಮಾಡಿದೆಯಾ, ನಿದ್ದೆ ಬರುತ್ತಾ, ರಕ್ತ ಪರೀಕ್ಷೆ ಯಾವಾಗ ಮಾಡಿಸಿದೆ, ಮನೆಯಲ್ಲಿ ಯಾರನ್ನು ಕಳಕೊಂಡಿದ್ದೀಯಾ. ಎರಡು ವಾರ ದಾಟಿಯೂ ಮನಸ್ಸು ಕುಗ್ಗಿಯೇ ಇದ್ದರೆ ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ.

ಎಲ್ಲ ಸರಿಹೋಗಿಲ್ಲ. ಹಿಮೋಗ್ಲೋಬಿನ್ ಈಗ 10.9, ಚಿಕಿತ್ಸೆ ನಡೆದಿದೆ. ಹುಡುಗ ಸಭೆಗೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ದೃಢೀಕರಣದ (ದೊಡ್ಡವರಾದ ಮೇಲೆ ತಾವೇ ವಿಶ್ವಾಸ ಒಪ್ಪಿಕೊಳ್ಳುವ ವಿಧಿಯ) ಕ್ಲಾಸಿಗೆ ಈಗಲೇ ಸೇರುವುದಿಲ್ಲ ಎಂದಿದ್ದಾನೆ. ಮಾರ್ಚಿನ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಅವನೇ ಹೇಳಲಿ ಎಂದು ಪಾಸ್ಟರ್ ಒಪ್ಪಿದ್ದಾರೆ. ಗಂಡ ಬೆಳಗಿನ ಡಬ್ಬದ ಕೆಲಸ ವಾರಕ್ಕೆ ಮೂರು ದಿನ ಹೊತ್ತುಕೊಂಡಿದ್ದಾರೆ, ನೈಟ್ ಶಿಫ್ಟ್ ವಾರದಲ್ಲಿ ಅದು ತಪ್ಪುತ್ತಿದೆ. ಮುಂದಿನ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ತಂದೆಯನ್ನು ಕಳಕೊಂಡ ಮಗ ಅವರು, ಅವರ ದುಃಖವನ್ನು ಇನ್ನೂ ಯಾರೂ ಕೇಳಿಲ್ಲ.