ಸಹಾಯಕ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗುವುದು ಹೇಗೆ? ನಮ್ಮಲ್ಲಿ ‘ಟೆನ್ಯೂರ್’ ಇದೆಯೇ?

ನೀವು ಕೇಳಿರುವುದು ಇಷ್ಟು: ಪಿಎಚ್‌ಡಿ ಮುಗಿಸಿ ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದ್ದೀರಿ. ಅಮೆರಿಕದಲ್ಲಿರುವ ಗೆಳೆಯರು ಟೆನ್ಯೂರ್ (ಪರಿಶೀಲನೆ ಗೆದ್ದವರಿಗೆ ಸಿಗುವ ಖಾಯಂ ಹುದ್ದೆಯ ಭದ್ರತೆ) ಬಗ್ಗೆ ಮಾತಾಡುತ್ತಾರೆ, ಇಲ್ಲಿ ಹಾಗೇನಾದರೂ ಇದೆಯೇ, ಪ್ರಾಧ್ಯಾಪಕರಾಗಲು ಎಷ್ಟು ವರ್ಷ ಬೇಕು, ಈಗಿನಿಂದಲೇ ಏನು ಮಾಡಿಕೊಳ್ಳಬೇಕು.

ಅಮೆರಿಕದಲ್ಲಿ ಸಾಮಾನ್ಯವಾಗಿ ಆರನೇ ವರ್ಷಕ್ಕೆ ದೊಡ್ಡ ಪರಿಶೀಲನೆ ನಡೆಯುತ್ತದೆ. ಗೆದ್ದರೆ ಕೆಲಸ ಭದ್ರ, ಸೋತರೆ ಊರು ಬಿಡಬೇಕು. ನಮ್ಮಲ್ಲಿ ಕೆಲಸದ ಭದ್ರತೆಗೂ ಬಡ್ತಿಗೂ ಸಂಬಂಧವೇ ಇಲ್ಲ. ಮಂಜೂರಾದ ಹುದ್ದೆಗೆ ಸಕ್ರಮವಾಗಿ ನೇಮಕವಾಗಿದ್ದರೆ ಪ್ರೊಬೇಷನ್, ಅಂದರೆ ಪರೀಕ್ಷಾರ್ಥ ಸೇವಾವಧಿ, ಮುಗಿದ ಮೇಲೆ ನಿವೃತ್ತಿಯವರೆಗೆ ನೀವು ಖಾಯಂ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿ ಪ್ರೊಬೇಷನ್ ಕನಿಷ್ಠ ಒಂದು ವರ್ಷ ಎನ್ನುತ್ತದೆ, ಕೆಲಸ ತೃಪ್ತಿಕರ ಅಲ್ಲದಿದ್ದರೆ ಇನ್ನೊಂದು ವರ್ಷ ವಿಸ್ತರಿಸಬಹುದು. ನಮ್ಮ ರಾಜ್ಯದ ನೇಮಕ ಆದೇಶಗಳಲ್ಲಿ ಎರಡು ವರ್ಷ ಎಂದೇ ಬರೆದಿರುವುದು ಹೆಚ್ಚು. ನಿಮ್ಮ ಆದೇಶದಲ್ಲಿ ಏನಿದೆ ನೋಡಿಕೊಳ್ಳಿ. ಅವಧಿ ಮುಗಿದ 45 ದಿನಗಳೊಳಗೆ ಖಾಯಂ ಆದೇಶ ಕೊಡಬೇಕೆಂದು ನಿಯಮವಿದೆ, ಆದರೆ ಅದು ತಾನಾಗಿ ಬರುತ್ತದೆ ಎಂದು ಕಾಯುತ್ತಾ ಕೂರಬೇಡಿ. ವಿಭಾಗದ ಅಧ್ಯಕ್ಷರ ಮೂಲಕ ಕುಲಸಚಿವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾಯಂ ಘೋಷಣೆ ಸೇವಾ ಪುಸ್ತಕದಲ್ಲಿ ನಮೂದಾಗದೆ ಇದ್ದರೆ ಮುಂದೆ ಬಡ್ತಿಯ ಕಡತ ಮೊದಲು ಅಲ್ಲೇ ನಿಲ್ಲುತ್ತದೆ.

ಇನ್ನು ಬಡ್ತಿ. ಮೇಲೆ ಹೋಗಲು ಎರಡು ದಾರಿ. ಒಂದು ನೇರ ನೇಮಕಾತಿ: ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆ ಖಾಲಿ ಇದ್ದು, ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ಅಧಿಸೂಚನೆ ಹೊರಟಾಗ ಹೊರಗಿನವರ ಜೊತೆ ಸ್ಪರ್ಧಿಸುವುದು. ಇನ್ನೊಂದು ವೃತ್ತಿ ಪದೋನ್ನತಿ ಯೋಜನೆ, ಎಲ್ಲರ ಬಾಯಲ್ಲಿ ಸಿಎಎಸ್. ಇದಕ್ಕೆ ಮೇಲಿನ ಹುದ್ದೆ ಖಾಲಿ ಇರಬೇಕಾಗಿಲ್ಲ. ಅರ್ಹತೆ ತುಂಬಿದರೆ ನೀವಿರುವ ಹುದ್ದೆಯೇ ನಿಮ್ಮ ಮಟ್ಟಿಗೆ ಮೇಲೇರುತ್ತದೆ, ನೀವು ನಿವೃತ್ತರಾದ ಮೇಲೆ ಮತ್ತೆ ಮೂಲ ದರ್ಜೆಗೆ ಮರಳುತ್ತದೆ. ನಿಮಗೆ ಮುಖ್ಯವಾದದ್ದು ಈ ಎರಡನೆಯದೇ.

ಮೆಟ್ಟಿಲುಗಳು ಹೀಗಿವೆ. ಸೇರುವಾಗ ಅಕಾಡೆಮಿಕ್ ಲೆವೆಲ್ (ವೇತನದ ಹಂತ) 10, ಮೂಲ ವೇತನ 57,700 ರೂಪಾಯಿ. ಪಿಎಚ್‌ಡಿ ಇದ್ದರೆ 4 ವರ್ಷಕ್ಕೆ, ಎಂಫಿಲ್ ಅಥವಾ ಎಂಟೆಕ್, ಎಲ್‌ಎಲ್‌ಎಂನಂಥ ವೃತ್ತಿಪರ ಸ್ನಾತಕೋತ್ತರ ಪದವಿ ಇದ್ದರೆ 5 ವರ್ಷಕ್ಕೆ, ಎರಡೂ ಇಲ್ಲದಿದ್ದರೆ 6 ವರ್ಷಕ್ಕೆ ಲೆವೆಲ್ 11. ಅಲ್ಲಿ 5 ವರ್ಷ ಕಳೆದರೆ ಲೆವೆಲ್ 12. ಪಿಎಚ್‌ಡಿ ಇಲ್ಲದ ವಿಶ್ವವಿದ್ಯಾಲಯದ ಅಧ್ಯಾಪಕರ ದಾರಿ ಲೆವೆಲ್ 11ರಲ್ಲೇ ಮುಗಿಯುತ್ತದೆ. ಲೆವೆಲ್ 12ರಲ್ಲಿ 3 ವರ್ಷವಾದರೆ ಸಹ ಪ್ರಾಧ್ಯಾಪಕ, ಅದು ಲೆವೆಲ್ 13ಎ. ಮತ್ತೆ 3 ವರ್ಷಕ್ಕೆ ಪ್ರಾಧ್ಯಾಪಕ, ಲೆವೆಲ್ 14. ಅಂದರೆ ಪಿಎಚ್‌ಡಿಯೊಂದಿಗೆ ಸೇರಿದವರಿಗೆ ಕನಿಷ್ಠ 12 ವರ್ಷಕ್ಕೆ ಸಹ ಪ್ರಾಧ್ಯಾಪಕ, 15 ವರ್ಷಕ್ಕೆ ಪ್ರಾಧ್ಯಾಪಕ. ಪ್ರೊಬೇಷನ್ ಅವಧಿಯೂ ಈ ಲೆಕ್ಕದೊಳಗೇ ಸೇರುತ್ತದೆ. ಹಣದ ದೃಷ್ಟಿಯಿಂದ ದೊಡ್ಡ ಜಿಗಿತ 12ರಿಂದ 13ಎಗೆ ಹೋಗುವಾಗ. ತೊಂಬತ್ತು ಸಾವಿರದ ಆಸುಪಾಸಿನಲ್ಲಿರುವ ಮೂಲ ವೇತನ ಒಮ್ಮೆಗೆ 1,31,400 ಆಗುತ್ತದೆ. ಕಡತಗಳನ್ನು ಅತಿ ಹೆಚ್ಚು ಕೆದಕುವುದೂ ಈ ಮೆಟ್ಟಿಲಲ್ಲೇ.

ಪ್ರತಿ ಮೆಟ್ಟಿಲಿಗೂ ಮೂರು ಬಗೆಯ ಷರತ್ತುಗಳಿವೆ: ವಾರ್ಷಿಕ ಶ್ರೇಣಿ, ತರಬೇತಿ, ಸಂಶೋಧನೆ.

ವಾರ್ಷಿಕ ಶ್ರೇಣಿ ಸುಲಭ. ನಿಗದಿಯಾದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರೊಳಗಿದ್ದರೆ ‘ತೃಪ್ತಿಕರ’. ಇದರ ಜೊತೆ ಪರೀಕ್ಷಾ ಕೆಲಸ, ಎನ್‌ಎಸ್‌ಎಸ್, ವಾರ್ಡನ್ ಹೊಣೆ, ವಿಚಾರ ಸಂಕಿರಣದ ಸಂಘಟನೆ ಮುಂತಾದವುಗಳಲ್ಲಿ ವರ್ಷಕ್ಕೆ ಮೂರಾದರೂ ಇದ್ದರೆ ‘ಉತ್ತಮ’, ಒಂದೆರಡಿದ್ದರೆ ‘ತೃಪ್ತಿಕರ’. ಮೊದಲ ಬಡ್ತಿಗೆ 4 ವರ್ಷಗಳಲ್ಲಿ 3 ವರ್ಷ ಈ ಎರಡರಲ್ಲಿ ಒಂದು ಶ್ರೇಣಿ ಇದ್ದರೆ ಸಾಕು. ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆಯ ಅವಧಿಯನ್ನು ಶ್ರೇಣಿ ಲೆಕ್ಕದಿಂದ ಹೊರಗಿಟ್ಟು, ಉಳಿದ ಅವಧಿಯ ಸಾಧನೆಯನ್ನೇ ಇಡೀ ಅವಧಿಗೆ ಅನ್ವಯಿಸಬೇಕು. ಹೆರಿಗೆ ರಜೆಯ ವರ್ಷ ‘ತರಗತಿ ಸಾಲದು’ ಎಂದು ಯಾರಾದರೂ ಷರಾ ಬರೆದರೆ ಈ ನಿಯಮ ತೋರಿಸಿ. ಸ್ವಮೌಲ್ಯಮಾಪನ ವರದಿಯನ್ನು ಆಯಾ ವರ್ಷವೇ ಸಲ್ಲಿಸಿ. ನಾಲ್ಕು ವರ್ಷದ ವರದಿಯನ್ನು ಒಟ್ಟಿಗೆ ಬರೆಯಹೊರಟರೆ ಅಷ್ಟರಲ್ಲಿ ವಿಭಾಗದ ಅಧ್ಯಕ್ಷರು ಬದಲಾಗಿರುತ್ತಾರೆ, ಹಿಂದಿನ ವರ್ಷಗಳಿಗೆ ಸಹಿ ಹಾಕಲು ಹೊಸಬರು ಒಪ್ಪುವುದಿಲ್ಲ. ಅವರು ಒಪ್ಪದಿರುವುದು ಸರಿಯೇ.

ತರಬೇತಿಯಲ್ಲಿ, ಲೆವೆಲ್ 11ಕ್ಕೆ 21 ದಿನಗಳ ಓರಿಯಂಟೇಷನ್ ಕೋರ್ಸ್ ಕಡ್ಡಾಯ. ಒಂದು ತಿಂಗಳ ‘ಗುರುದಕ್ಷತಾ’ ಕಾರ್ಯಕ್ರಮವನ್ನೂ ಅದರ ಬದಲಿಗೆ ಒಪ್ಪುತ್ತಾರೆ. ಇದಲ್ಲದೆ ಒಂದು ರಿಫ್ರೆಷರ್ ಅಥವಾ ಸಂಶೋಧನಾ ವಿಧಾನದ ಕೋರ್ಸ್, ಇಲ್ಲವೇ ಒಂದೊಂದು ವಾರದ ಎರಡು ಕಾರ್ಯಾಗಾರಗಳು, ಇಲ್ಲವೇ ಪ್ರಮಾಣಪತ್ರ ಸಹಿತ ಒಂದು ಮೂಕ್ (ಎಲ್ಲರಿಗೂ ತೆರೆದ ಆನ್ಲೈನ್) ಕೋರ್ಸ್ ಬೇಕು. ಲೆವೆಲ್ 12ಕ್ಕೂ 13ಎಗೂ ಎರಡು ವಾರದ ಕೋರ್ಸ್ ಬೇಕು, ಅಂಥ ಪ್ರತಿ ಕೋರ್ಸಿನ ಬದಲಿಗೆ ಒಂದು ವಾರದ ಎರಡು ಕೋರ್ಸ್ ಆಗುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿರುವಂಥ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳಲ್ಲಿ ಇವು ನಡೆಯುತ್ತವೆ. ಎಡವುವುದು ಎಲ್ಲಿ ಎಂದರೆ, ಕೋರ್ಸ್ ಆಯಾ ಬಡ್ತಿಯ ಮೌಲ್ಯಮಾಪನ ಅವಧಿಯೊಳಗೇ ಮುಗಿದಿರಬೇಕು. ಒಂದು ಬಡ್ತಿಗೆ ತೋರಿಸಿದ್ದನ್ನು ಮುಂದಿನದಕ್ಕೆ ತೋರಿಸುವಂತಿಲ್ಲ.

ಸಂಶೋಧನೆಯ ಷರತ್ತು ಮೇಲೇರಿದಂತೆ ಬಿಗಿಯಾಗುತ್ತದೆ. ಲೆವೆಲ್ 11ಕ್ಕೆ ಒಂದು ಪ್ರಬಂಧ, 12ಕ್ಕೆ ಮೂರು. 13ಎಗೆ ಒಟ್ಟು 7 ಪ್ರಬಂಧ, ಅವುಗಳಲ್ಲಿ 3 ಮೌಲ್ಯಮಾಪನದ ಅವಧಿಯಲ್ಲೇ ಪ್ರಕಟವಾಗಿರಬೇಕು, ಜೊತೆಗೆ ಸಂಶೋಧನಾ ಅಂಕ 70. ಪ್ರಾಧ್ಯಾಪಕರಾಗಲು 10 ಪ್ರಬಂಧ, ಅವುಗಳಲ್ಲೂ 3 ಆ ಅವಧಿಯದು, ಅಂಕ 110.

ಅಂಕಗಳ ಲೆಕ್ಕ ಕೇಳಿ ಹೆದರುವವರು ಬಹಳ. ಕೂಡಿ ನೋಡಿದರೆ ಅಷ್ಟು ಕಷ್ಟವಿಲ್ಲ. ವಿಜ್ಞಾನದಲ್ಲಿ ಪ್ರಬಂಧಕ್ಕೆ 8, ಭಾಷೆ, ಸಮಾಜ ವಿಜ್ಞಾನ, ವಾಣಿಜ್ಯದಲ್ಲಿ 10. ಅದರ ಮೇಲೆ, ವಿದ್ವತ್ ಪರಿಶೀಲನೆ ಇದ್ದು ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಪ್ರಬಂಧಗಳನ್ನು ಇತರರು ಎಷ್ಟು ಉಲ್ಲೇಖಿಸುತ್ತಾರೆ ಎಂಬುದರ ಅಳತೆ) ಇಲ್ಲದ ಪತ್ರಿಕೆಯಾದರೆ 5, ಫ್ಯಾಕ್ಟರ್ 1ಕ್ಕಿಂತ ಕಡಿಮೆಯಾದರೆ 10, 1ರಿಂದ 2ಕ್ಕೆ 15, 2ರಿಂದ 5ಕ್ಕೆ 20, ಹೀಗೆ 30ರವರೆಗೆ ಸೇರುತ್ತದೆ. ಇಬ್ಬರು ಬರೆದಿದ್ದರೆ ತಲಾ ಶೇ. 70. ಮೂವರು ಅಥವಾ ಹೆಚ್ಚು ಜನರಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ 30. ರಸಾಯನಶಾಸ್ತ್ರದವರೊಬ್ಬರ ಪ್ರಬಂಧ ಫ್ಯಾಕ್ಟರ್ 3 ಇರುವ ಪತ್ರಿಕೆಯಲ್ಲಿ ನಾಲ್ವರ ಹೆಸರಿನಲ್ಲಿ ಬಂದಿದೆ ಎನ್ನಿ. ಒಟ್ಟು 28. ಮುಖ್ಯ ಲೇಖಕರಿಗೆ 19.6, ಮಿಕ್ಕವರಿಗೆ 8.4. ಕನ್ನಡ ವಿಭಾಗದವರು ಒಬ್ಬರೇ ಬರೆದು, ವಿದ್ವತ್ ಪರಿಶೀಲನೆಯುಳ್ಳ ಪತ್ರಿಕೆಯಲ್ಲಿ ಪ್ರಕಟಿಸಿದರೆ ಪೂರ್ತಿ 15. ಏಳು ಪ್ರಬಂಧಕ್ಕೆ 105 ಆಯಿತು.

ಹಾಗಿದ್ದೂ ಕಡತ ವಾಪಸ್ ಬರುತ್ತದೆ. ಏಕೆಂದರೆ ಅಂಕಗಳು ಆರು ಬಗೆಯ ಕೆಲಸಗಳಲ್ಲಿ ಕನಿಷ್ಠ ಮೂರರಿಂದ ಬರಬೇಕು. ಪ್ರಬಂಧಗಳನ್ನಷ್ಟೇ ಗುಡ್ಡೆ ಹಾಕಿದರೆ ಆಗುವುದಿಲ್ಲ. ಪುಸ್ತಕಕ್ಕೆ ರಾಷ್ಟ್ರೀಯ ಪ್ರಕಾಶಕರಾದರೆ 10, ಸಂಪಾದಿತ ಪುಸ್ತಕದ ಅಧ್ಯಾಯಕ್ಕೆ 5, ಪುಸ್ತಕದ ಅನುವಾದಕ್ಕೆ 8. ಪಿಎಚ್‌ಡಿ ಮಾರ್ಗದರ್ಶನದಲ್ಲಿ ಪದವಿ ಸಿಕ್ಕರೆ 10, ಮಹಾಪ್ರಬಂಧ ಸಲ್ಲಿಕೆಯಾಗಿದ್ದರೆ 5. ಹತ್ತು ಲಕ್ಷ ಮೀರಿದ ಸಂಶೋಧನಾ ಯೋಜನೆ ಮುಗಿಸಿದ್ದರೆ 10, ಅದಕ್ಕಿಂತ ಕಡಿಮೆಯದಕ್ಕೆ 5. ಆಹ್ವಾನಿತ ಉಪನ್ಯಾಸಗಳಿಂದ ಬರುವ ಅಂಕ, ನೀತಿ ದಸ್ತಾವೇಜಿನ ಅಂಕದೊಂದಿಗೆ ಕೂಡಿ, ಒಟ್ಟಿನ ಶೇ. 30 ಮೀರುವಂತಿಲ್ಲ. ಹಾಗಾಗಿ ವಿಚಾರ ಸಂಕಿರಣಗಳಿಗೆ ಓಡಾಡಿ ಅಂಕ ತುಂಬಿಸಿಕೊಳ್ಳುವ ಯೋಚನೆ ಬಿಡಿ.

ಅತಿ ಹೆಚ್ಚು ಜನ ತಡವಾಗಿ ಗಮನಿಸುವ ಷರತ್ತು ಪಿಎಚ್‌ಡಿ ಮಾರ್ಗದರ್ಶನದ್ದು. ವಿಶ್ವವಿದ್ಯಾಲಯದಲ್ಲಿ 13ಎಗೆ ಒಬ್ಬರಿಗಾದರೂ ಮಾರ್ಗದರ್ಶನ ಮಾಡಿದ ಪುರಾವೆ ಬೇಕು. ಪ್ರಾಧ್ಯಾಪಕರಾಗಲು ಮಾರ್ಗದರ್ಶನ ಯಶಸ್ವಿಯಾಗಿ ಮುಗಿದಿರಬೇಕು, ಅಂದರೆ ಪದವಿ ಪ್ರದಾನವಾಗಿರಬೇಕು. ಪಿಎಚ್‌ಡಿಗೆ ಕನಿಷ್ಠ ಅವಧಿಯೇ 3 ವರ್ಷ, ನಿಜದಲ್ಲಿ ಐದು ಹಿಡಿಯುತ್ತದೆ. ಮೇಲೆ ಮೌಲ್ಯಮಾಪಕರ ವರದಿ, ಮೌಖಿಕ ಪರೀಕ್ಷೆ, ಪದವಿ ಪ್ರದಾನದ ಅಧಿಸೂಚನೆ. 2022ರ ಪಿಎಚ್‌ಡಿ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರು ಪಿಎಚ್‌ಡಿ ಮತ್ತು ಮೂರು ಪ್ರಬಂಧಗಳಿದ್ದರೆ ಮಾರ್ಗದರ್ಶಕರಾಗಬಹುದು, ಒಮ್ಮೆಗೆ 4 ವಿದ್ಯಾರ್ಥಿಗಳವರೆಗೆ. ಆದ್ದರಿಂದ ಆ ಮೂರು ಪ್ರಬಂಧಗಳನ್ನು ಮೊದಲ ನಾಲ್ಕು ವರ್ಷಗಳಲ್ಲೇ ಮುಗಿಸಿ ಮಾರ್ಗದರ್ಶಕರ ಮಾನ್ಯತೆಗೆ ಅರ್ಜಿ ಹಾಕಿ. ಎಂಟನೇ ವರ್ಷದೊಳಗೆ ಮೊದಲ ವಿದ್ಯಾರ್ಥಿಯ ನೋಂದಣಿ ಆಗಿಬಿಡಲಿ. ಹತ್ತನೇ ವರ್ಷಕ್ಕೆ ಹುಡುಕಲು ಹೊರಟವರು, ಉಳಿದೆಲ್ಲ ಅರ್ಹತೆ ಇದ್ದೂ ಒಬ್ಬ ವಿದ್ಯಾರ್ಥಿಯ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಕಾಯುವವರ ಒತ್ತಡ ವಿದ್ಯಾರ್ಥಿಯ ಮೇಲೂ ಬೀಳುತ್ತದೆ, ಅದು ನನಗೆ ತುಂಬ ಬೇಸರ ತರುವ ಸಂಗತಿ.

ಪತ್ರಿಕೆಯ ಆಯ್ಕೆಯಲ್ಲಿ ಎಚ್ಚರ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು ಸಮಿತಿಯ ಮುಂದೆ ನಿಲ್ಲುವುದಿಲ್ಲ. ಯುಜಿಸಿ ಮಾನ್ಯ ಮಾಡಿದ ಪತ್ರಿಕೆಗಳ ಪಟ್ಟಿಯಾದ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದಾರೆ. ಅದು ಜಾರಿಯಲ್ಲಿದ್ದಾಗ ಪ್ರಕಟವಾದ ಪ್ರಬಂಧಕ್ಕೆ, ಪ್ರಕಟಣೆಯ ದಿನ ಪತ್ರಿಕೆ ಪಟ್ಟಿಯಲ್ಲಿತ್ತು ಎಂಬುದಕ್ಕೆ ದಿನಾಂಕ ಕಾಣುವ ಪುಟದ ಮುದ್ರಿತ ಪ್ರತಿ ಇಟ್ಟುಕೊಂಡಿರಿ. ಹೊಸ ಪ್ರಬಂಧಗಳಿಗೆ ಪರಿಶೀಲಕರ ವರದಿ, ಸಂಪಾದಕರ ಪತ್ರ, ಐಎಸ್‌ಎಸ್‌ಎನ್ ಕಡತದಲ್ಲಿರಲಿ. ಬರೀ ‘ಸ್ವೀಕೃತವಾಗಿದೆ’ ಎಂಬ ಪತ್ರ ಲೆಕ್ಕಕ್ಕಿಲ್ಲ, ಪ್ರಕಟವಾಗಿರಬೇಕು.

ಅರ್ಜಿಯನ್ನು ಅರ್ಹತೆಯ ದಿನಕ್ಕೆ ಮೂರು ತಿಂಗಳ ಮುಂಚೆಯೇ ಕೊಡಬಹುದು. ವಿಶ್ವವಿದ್ಯಾಲಯದ ಆಂತರಿಕ ಗುಣಮಟ್ಟ ಭರವಸಾ ಕೋಶ (ಐಕ್ಯೂಎಸಿ) ದಾಖಲೆ ಪರಿಶೀಲಿಸುತ್ತದೆ. ಲೆವೆಲ್ 11 ಮತ್ತು 12ಕ್ಕೆ ಕುಲಪತಿ ಅಥವಾ ಅವರ ಪ್ರತಿನಿಧಿ, ಡೀನ್, ವಿಭಾಗದ ಅಧ್ಯಕ್ಷರು, ಒಬ್ಬ ವಿಷಯ ತಜ್ಞರ ಸಮಿತಿ ಸಾಕು. 13ಎ ಮತ್ತು 14ಕ್ಕೆ ಹೊರಗಿನ ತಜ್ಞರು, ಕುಲಾಧಿಪತಿಗಳ ಪ್ರತಿನಿಧಿ ಇರುವ ಪೂರ್ಣ ಆಯ್ಕೆ ಸಮಿತಿ. ನಂತರ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಅನುಮೋದನೆ, ಆದೇಶ, ವೇತನ ನಿಗದಿ. ಸಮಿತಿ ಎಷ್ಟೇ ತಡವಾಗಿ ಸೇರಿದರೂ, ಕನಿಷ್ಠ ಅವಧಿ ಮುಗಿದಾಗಲೇ ಅರ್ಜಿ ಕೊಟ್ಟು ಗೆದ್ದರೆ ಬಡ್ತಿ ಆ ಹಿಂದಿನ ದಿನಾಂಕದಿಂದಲೇ ಜಾರಿ. ಅರ್ಹತೆ ತಡವಾಗಿ ತುಂಬಿದರೆ ಮಾತ್ರ ಅದು ತುಂಬಿ ಅರ್ಜಿ ಕೊಟ್ಟ ದಿನದಿಂದ: ಉದಾಹರಣೆಗೆ ನಿಮ್ಮ ಅವಧಿ ಜುಲೈಗೆ ಮುಗಿದು, ಕೊನೆಯ ಪ್ರಬಂಧ ನವೆಂಬರ್‌ನಲ್ಲಿ ಪ್ರಕಟವಾದರೆ ಬಡ್ತಿ ನವೆಂಬರ್‌ನಿಂದ. ಸಮಿತಿ ತಿರಸ್ಕರಿಸಿದರೆ ಒಂದು ವರ್ಷದ ನಂತರವೇ ಮರುಪರಿಶೀಲನೆ, ಆಗ ಗೆದ್ದರೂ ತಿರಸ್ಕಾರದಿಂದ ಒಂದು ವರ್ಷ ಮುಂದಿನ ದಿನಾಂಕವೇ ಲೆಕ್ಕ. ಅರೆಬರೆ ಕಡತ ಹಿಡಿದು ಅವಸರ ಮಾಡುವುದಕ್ಕಿಂತ ಎರಡು ತಿಂಗಳು ತಡೆದು ಪೂರ್ತಿ ಮಾಡಿ ಕೊಡುವುದು ಲಾಭ.

ಹಿಂದಿನ ಸೇವೆಯ ವಿಷಯ. ಬೇರೆ ವಿಶ್ವವಿದ್ಯಾಲಯದಲ್ಲಿ ಅದೇ ದರ್ಜೆಯ ಖಾಯಂ ಸೇವೆ ಇದ್ದು, ಸರಿಯಾದ ಮಾರ್ಗದಲ್ಲಿ ಅರ್ಜಿ ಹಾಕಿ ಬಂದಿದ್ದರೆ ಅದನ್ನು ಸೇರಿಸಬಹುದು. ಗುತ್ತಿಗೆ ಅಥವಾ ತಾತ್ಕಾಲಿಕ ಸೇವೆಗೆ, ವಿಧಿಬದ್ಧ ಆಯ್ಕೆ ಸಮಿತಿಯಿಂದ ನೇಮಕ ಮತ್ತು ಖಾಯಂ ಅಧ್ಯಾಪಕರಿಗೆ ಸಮನಾದ ಒಟ್ಟು ವೇತನ ಎರಡೂ ಬೇಕು. ಅತಿಥಿ ಉಪನ್ಯಾಸಕರಾಗಿ ಹತ್ತು ವರ್ಷ ದುಡಿದವರಿಗೂ ವೇತನದ ಈ ಒಂದು ಷರತ್ತಿನಿಂದಾಗಿ ಒಂದು ದಿನವೂ ಸಿಗುವುದಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ, ಆದರೆ ನಿಯಮ ಹಾಗಿದೆ.

2025ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಾವಳಿಯ ಕರಡು ಹೊರಡಿಸಿತು. ಅದರಲ್ಲಿ ಈ ಅಂಕ ಪದ್ಧತಿ ಇಲ್ಲ. ಕರಡು ಅಂತಿಮವಾಗಿ, ರಾಜ್ಯ ಸರ್ಕಾರ ಅಳವಡಿಸಿಕೊಂಡು, ನಿಮ್ಮ ಸಿಂಡಿಕೇಟ್ ಒಪ್ಪುವವರೆಗೆ ಮೇಲಿನ ಲೆಕ್ಕದ ಪ್ರಕಾರವೇ ಸಿದ್ಧತೆ ಮಾಡಿಕೊಳ್ಳಿ. ಅರ್ಜಿ ಹಾಕುವ ಮುನ್ನ ಅಂದು ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಕುಲಸಚಿವರ ಕಚೇರಿಯಲ್ಲಿ ಕೇಳಿ ಪಡೆಯಿರಿ.

ನಿಮಗಲ್ಲದಿದ್ದರೂ ನಿಮ್ಮ ಹಿರಿಯ ಸಹೋದ್ಯೋಗಿಗಳಿಗೆ ಇದನ್ನು ತಿಳಿಸಿ: ಆಯ್ಕೆ ಸಮಿತಿ ಸೇರುವ ದಿನ ಅಭ್ಯರ್ಥಿ ಸೇವೆಯಲ್ಲಿರಲೇಬೇಕು. ನಿವೃತ್ತಿಗೆ ಒಂದು ವರ್ಷವಷ್ಟೇ ಉಳಿದವರು ಅರ್ಜಿಯ ಮೊದಲ ಸಾಲಿನಲ್ಲೇ ನಿವೃತ್ತಿ ದಿನಾಂಕ ಬರೆದು, ಅದಕ್ಕೂ ಮುಂಚೆ ಸಮಿತಿ ಕರೆಯುವಂತೆ ಕುಲಪತಿಗಳಿಗೆ ಪ್ರತ್ಯೇಕ ಪತ್ರ ಕೊಡಬೇಕು.